ಮಿಷಿಗನ್ ಗಲ್ಲು ಬಿಟ್ಟ ಕಥೆ

ಕಾರವಾರದಲ್ಲಿ ಯಾವುದಾದರೂ ಕೊಲೆಯ ಸುದ್ದಿ ಬಂದರೆ ಸಾಕು, ಚಾ ಅಂಗಡಿಯಲ್ಲಿ ‘ಅಂಥವರನ್ನ ಜನರ ಎದುರೇ ಗಲ್ಲಿಗೆ ಹಾಕಬೇಕು ಮಾರಾಯಾ’ ಅನ್ನುವ ಮಾತು ಕೇಳುತ್ತದೆ. ಆ ಸಿಟ್ಟು ಅರ್ಥವಾಗುತ್ತದೆ. ಆದರೆ ಜನರ ಎದುರೇ ಹಾಕಿದರೆ ಏನಾಗುತ್ತದೆ ಅನ್ನೋದನ್ನ ಅಮೆರಿಕದ ಮಿಷಿಗನ್ ಕಂಡಿದೆ.

1830ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಡೆಟ್ರಾಯಿಟ್ ಊರಿನಲ್ಲಿ ಸ್ಟೀಫನ್ ಸಿಮ್ಮನ್ಸ್ ಎಂಬವನನ್ನು ಗಲ್ಲಿಗೇರಿಸಿದರು. ಕುಡಿದ ಮತ್ತಿನಲ್ಲಿ ಹೆಂಡತಿಯನ್ನು ಕೊಂದವನು ಅವನು. ಜನ ಕೂತು ನೋಡಲು ಮೆಟ್ಟಿಲು ಸಾಲು ಕಟ್ಟಿದ್ದರು, ಬ್ಯಾಂಡ್ ಬೇರೆ. ಗಲ್ಲಿಗೇರಿಸಬೇಕಿದ್ದ ಅಧಿಕಾರಿ, ಅಂದರೆ ಷೆರೀಫ್, ಈ ಕೆಲಸ ತನ್ನಿಂದಾಗದು ಎಂದು ಹಿಂದೆ ಸರಿದ, ಹೋಟೆಲ್ ಮಾಲೀಕನೊಬ್ಬ ಮುಂದೆ ಬಂದ. ಸಿಮ್ಮನ್ಸ್ ಕುಡಿತದ ಕೇಡಿನ ಬಗ್ಗೆ ನಾಲ್ಕು ಮಾತಾಡಿ ಒಂದು ದೇವರ ಹಾಡು ಹೇಳಿದನಂತೆ. ಜಾತ್ರೆಗೆ ಬಂದಂತೆ ಬಂದಿದ್ದ ಎಷ್ಟೋ ಜನರಿಗೆ ಮನಸ್ಸು ಕೆಟ್ಟುಹೋಯಿತು.

ಆಮೇಲೆ ಆ ರಾಜ್ಯದ ಕಾನೂನಿನಡಿ ಯಾರನ್ನೂ ಗಲ್ಲಿಗೆ ಹಾಕಿಲ್ಲ. 1846ರಲ್ಲಿ ಶಾಸಕರು ಕೊಲೆಗೆ ಮರಣದಂಡನೆಯನ್ನೇ ತೆಗೆದುಹಾಕಿದರು, ರಾಜದ್ರೋಹಕ್ಕೆ ಮಾತ್ರ ಉಳಿಸಿಕೊಂಡರು. ರಾಜ್ಯದ್ದೇ ಆದ 1963ರ ಸಂವಿಧಾನ ಅದನ್ನೂ ಮುಚ್ಚಿತು.

ನಡುವೆ 1938ರಲ್ಲಿ ಒಂದು ಗಲ್ಲು ಆ ನೆಲದ ಮೇಲೆ ಆಗಿದೆ, ಕೇಂದ್ರ ಸರ್ಕಾರದ ಕೇಸಿನಲ್ಲಿ. ಬೇರೆ ರಾಜ್ಯದಲ್ಲಿ ಮಾಡಿ ಎಂದು ಗವರ್ನರ್ ಫ್ರಾಂಕ್ ಮರ್ಫಿ ಅಧ್ಯಕ್ಷ ರೂಸ್‌ವೆಲ್ಟ್ ತನಕ ಕೇಳಿಕೊಂಡರು, ಆಗಲಿಲ್ಲ. ಸೋತರೂ ಅವರು ಕೇಳಿದ್ದು ಸರಿ ಅಂತಲೇ ನನಗನ್ನಿಸುತ್ತದೆ. ತೊಂಬತ್ತು ವರ್ಷ ಕಾಪಾಡಿಕೊಂಡು ಬಂದದ್ದನ್ನ ಸುಮ್ನೆ ಬಿಟ್ಟುಕೊಡೋಕಾಗತ್ತಾ?