ನಾನು ಹೂಂ ಎಂದೆ

ಭಾನುವಾರದಿಂದ ಒಂದೇ ಮಾತು ಕಿವಿಯಲ್ಲಿ ಕುಳಿತುಬಿಟ್ಟಿದೆ. “ಇಂದಿರಾ ಬೇಡ ಎಂದಳು. ನಾನು ಹೂಂ ಎಂದೆ.” ಇಷ್ಟು ಹೇಳಿ ಅಕ್ಕ ಚಹಾದ ಲೋಟಗಳನ್ನು ತಟ್ಟೆಗೆ ಜೋಡಿಸಿಕೊಂಡು ಒಳಗೆ ಹೋದರು.

ಮುಂಬೈ ಬಳಿಯ ಡೊಂಬಿವಲಿಯ ಅವರ ಮನೆಯಲ್ಲಿ ನಾವು ಏಳೆಂಟು ಮಂದಿ ಕನ್ನಡದವರು ತಿಂಗಳಿಗೊಂದು ಕಾದಂಬರಿ ಹಿಡಿದು ಸೇರುತ್ತೇವೆ. ಈ ಸಲ ತ್ರಿವೇಣಿಯವರ ‘ಬೆಳ್ಳಿಮೋಡ’, ಅದರ ನಾಯಕಿಯೇ ಇಂದಿರಾ. ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕ್ ಇದ್ದುದರಿಂದ ಮಾಟುಂಗಾದವರು ತಡವಾಗಿ ಬಂದರು, ಬಂದವರೇ ಸಿನಿಮಾದ ಮಾತು ತೆಗೆದರು. ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ಮೊದಲು ನಿರ್ದೇಶಿಸಿದ 1967ರ ಚಿತ್ರ, ಇಂದಿರೆಯಾಗಿ ಕಲ್ಪನಾ, ವಿಜಯಭಾಸ್ಕರ್ ಸಂಗೀತ, ಎಸ್. ಜಾನಕಿಯವರ ದನಿಯಲ್ಲಿ ಬೇಂದ್ರೆಯವರ ‘ಬೆಳಗು’. ಅದೆಲ್ಲ ನನಗೂ ಪ್ರಾಣವೇ. ಆದರೆ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಪುಸ್ತಕ ತೆರೆಯದೆಯೇ ಬಂದಿದ್ದರು. “ಕಲ್ಪನಾ ಇದ್ದ ಮೇಲೆ ಪುಸ್ತಕವೇಕೆ?” ಎಂದಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ. ಇಂದಿರೆಯನ್ನು ಕಲ್ಪಿಸಿದ ಹೆಣ್ಣುಮಗಳು ಆ ಸಿನಿಮಾ ನೋಡಲು ಉಳಿಯಲೇ ಇಲ್ಲ. ಹೆರಿಗೆಯಾದ ಕೆಲವೇ ದಿನಗಳಲ್ಲಿ, 35 ತುಂಬುವ ಮೊದಲೇ, 1963ರಲ್ಲಿ ತೀರಿಕೊಂಡರು. ಅದನ್ನು ಹೇಳಿದೆ. ಅವರು ಸುಮ್ಮನಾದರು, ಸ್ವಲ್ಪ ಹೊತ್ತಿಗೆ ಮಾತ್ರ.

ಮಾತು ಮೋಹನನ ಕಡೆ ಹೊರಳಿತು. ಇಂದಿರೆಯ ತಂದೆಯ ಹಣದಲ್ಲಿ ವಿದೇಶಕ್ಕೆ ಹೋಗಿ ಓದಿದವನು, ಅವಳಿಗೊಬ್ಬ ತಮ್ಮ ಹುಟ್ಟಿ ಆಸ್ತಿ ಕೈತಪ್ಪುತ್ತದೆ ಎಂದಾಗ ಮದುವೆಯಿಂದ ಹಿಂದೆ ಸರಿಯುತ್ತಾನೆ. ಕೊನೆಗೆ ಪೆಟ್ಟು ತಿಂದು ಮಲಗಿದಾಗ ಆರೈಕೆ ಮಾಡುವವಳು ಅವಳೇ, ಆಮೇಲೆ ಅವನನ್ನು ಬೇಡ ಎನ್ನುವವಳೂ ಅವಳೇ.

“ತಪ್ಪು ಒಪ್ಪಿಕೊಂಡು ಬಂದವನನ್ನು ಕ್ಷಮಿಸಬೇಕಿತ್ತು. ಮನಸ್ಸಿನಲ್ಲಿ ಪ್ರೀತಿ ಇಲ್ಲದೆ ಅಷ್ಟು ಆರೈಕೆ ಮಾಡುತ್ತಾರೆಯೇ?” ಎಂದರು ಆ ಹಿರಿಯರು.

“ಆರೈಕೆ ಬೇರೆ, ಸಂಸಾರ ಬೇರೆ ಕಾಕಾ,” ಎಂದಳು ನಮ್ಮಲ್ಲೇ ಚಿಕ್ಕವಳು. ಆ ಹುಡುಗಿಯ ನೇರ ಮಾತು ನನಗೆ ಯಾವಾಗಲೂ ಇಷ್ಟ.

ಆಗಲೇ ಅಕ್ಕ ಬಾಯಿ ತೆರೆದದ್ದು. ಹೇಳುವಾಗ ದನಿ ಏರಲಿಲ್ಲ, ಇಳಿಯಲೂ ಇಲ್ಲ. ಬೆರಳು ಮಾತ್ರ ಲೋಟದ ಅಂಚಿನ ಮೇಲೆ ಒಂದು ಸುತ್ತು ಹೋಯಿತು.

ಇಪ್ಪತ್ತು ವರ್ಷದಿಂದ ಬಲ್ಲೆ ಅವರನ್ನು. ಭಾವನವರು ಇದ್ದಾಗ ಆ ಮನೆಯಲ್ಲಿ ಎಷ್ಟು ಸಲ ಉಂಡಿದ್ದೇನೆ. ಕೆಟ್ಟವರಲ್ಲ, ಸಂಜೆ ಸ್ಟೇಷನ್ನಿನಿಂದ ಬರುವಾಗ ಮೆಂತ್ಯೆ ಸೊಪ್ಪಿನ ಕಟ್ಟು ತರುತ್ತಿದ್ದರು. ಅದನ್ನು ಬಿಡಿಸುತ್ತ ಅಕ್ಕ ಅಡುಗೆಮನೆಯಲ್ಲೇ ಕುಳಿತಿರುತ್ತಿದ್ದರು, ಭಾವನವರು ನಡುಮನೆಯಲ್ಲಿ. ಇಬ್ಬರೂ ಒಟ್ಟಿಗೆ ಕುಳಿತದ್ದು ನನಗೆ ನೆನಪಿಲ್ಲ. ಈಗ ಆ ಸೊಪ್ಪಿನ ಕಟ್ಟೂ ಬೇರೆಯಾಗಿ ಕಾಣುತ್ತಿದೆ.

ಇಂದಿರೆಯ ನಿರಾಕರಣೆಗೆ ಹದಿನೆಂಟರ ವಯಸ್ಸಿನಿಂದ ನಾನು ಹೆಮ್ಮೆಪಡುತ್ತ ಬಂದಿದ್ದೇನೆ. ಅದರ ಬೆಲೆ ಏನೆಂದು ಯೋಚಿಸಿರಲಿಲ್ಲ. ಅವಳ ಹಿಂದೆ ತೋಟವಿತ್ತು, ಮನೆಯಿತ್ತು, ತಂದೆ ಇದ್ದರು. ಅಕ್ಕನ ಹಿಂದೆ ಯಾರಿದ್ದರು? ಸಿನಿಮಾ ಮುಗಿದು ದೀಪ ಹತ್ತಿದಾಗ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದ ಹೆಂಗಸರಲ್ಲಿ ಹೂಂ ಎಂದವರು ಎಷ್ಟಿದ್ದರೋ. ಅವರು ನೇರ ಮನೆಗೆ ಹೋಗಿ ಒಲೆ ಹಚ್ಚಿರಬೇಕು. ಅವರನ್ನು ದುರ್ಬಲರೆಂದು ನಾನು ಇಷ್ಟು ದಿನ ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಅದಕ್ಕಾಗಿ ನನಗೆ ನಿಜವಾಗಿ ನಾಚಿಕೆಯಾಗಿದೆ.

ಬರುವಾಗ ಅಕ್ಕನ ಪ್ರತಿಯನ್ನೇ ಕೇಳಿ ತಂದೆ. ಕಂದು ಕಾಗದದ ಹೊದಿಕೆ, ಬೆನ್ನಿಗೆ ಗೋಂದಿನ ಪಟ್ಟಿ. ಕೊನೆಯ ಪುಟಗಳ ನಡುವೆ ಒಂದು ಹಳೆಯ ರೈಲ್ವೆ ಪಾಸ್ ಇತ್ತು, ಡೊಂಬಿವಲಿಯಿಂದ ವಿ.ಟಿ.ಗೆ, ಎಂದರೆ ಮುಂಬೈಯ ವಿಕ್ಟೋರಿಯಾ ಟರ್ಮಿನಸ್‌ಗೆ. ಆ ಸ್ಟೇಷನ್ನಿನ ಹೆಸರು ಬದಲಾದದ್ದು 1996ರಲ್ಲಿ. ಅದಕ್ಕೂ ಮೊದಲು ಎಂದೋ ಅಲ್ಲಿಟ್ಟದ್ದು, ಪಾಸಿನ ಆಕಾರಕ್ಕೇ ಪುಟದ ಮೇಲೆ ಕಂದು ಕಲೆ ಬಿದ್ದಿದೆ.

ಓದಿ ಮುಗಿಸಿದ ಮೇಲೆ ಅದನ್ನು ಆ ಕಲೆಯ ಮೇಲೆಯೇ ಸರಿಯಾಗಿ ಕೂರಿಸಿ ಪುಸ್ತಕ ಮುಚ್ಚಿದೆ.