ಬಾಯ್ಲರಿನ ಮೋಡ್ ಬದಲಾಯಿಸುವ ಮೊದಲು ಸೆನ್ಸರ್ ಯಾವ ಗೋಡೆಯಲ್ಲಿದೆ ಕೇಳಿ

ಮಂಗಳೂರಿನಲ್ಲಿ ಕೂತು ಜರ್ಮನಿಯ ಮನೆಗಳನ್ನು ಬೆಚ್ಚಗಿಡುವುದು ನನ್ನ ಕೆಲಸ ಅಂದರೆ ನೆಂಟರು ಈಗಲೂ ನಗುತ್ತಾರೆ. ಡಿಸೆಂಬರಿನಲ್ಲೂ ಫ್ಯಾನ್ ಹಾಕಿ ಮಲಗುವ ಊರು ನಮ್ಮದು. ಆದರೆ ಅಲ್ಲಿನ ಅಪಾರ್ಟ್‌ಮೆಂಟುಗಳ ಬಾಯ್ಲರುಗಳು ಕಾಯಿಸಿದ ನೀರನ್ನು ಕೋಣೆಗಳ ರೇಡಿಯೇಟರ್ ಎಂಬ ಲೋಹದ ಫಲಕಗಳಿಗೆ ಹರಿಸಿ ಮನೆ ಬೆಚ್ಚಗಿಡುತ್ತವೆ, ಅವುಗಳ ಕಂಟ್ರೋಲರುಗಳು ಇಂಟರ್ನೆಟ್ಟಿಗೆ ಸೇರಿಕೊಂಡಿವೆ. ಲಾಗ್ ನೋಡುವುದು, ಮೋಡ್ ಬದಲಾಯಿಸುವುದು, ದೂರಿಗೆ ಕಾರಣ ಹುಡುಕುವುದು ಇಲ್ಲಿಂದಲೇ ಆಗುತ್ತದೆ. ಚಳಿಗಾಲದಲ್ಲಿ ಅವರಿಗೆ ಬೆಳಿಗ್ಗೆ ಎಂಟು ಅಂದರೆ ನಮಗೆ ಹನ್ನೆರಡೂವರೆ. ಸರಿಯಾಗಿ ಊಟಕ್ಕೆ ಏಳುವ ಹೊತ್ತಿಗೇ ದೂರುಗಳು ಬಂದು ಬೀಳುತ್ತವೆ.

ಹೊಸಬರು ಮೊದಲು ಕೇಳುವುದು ‘ಯಾವ ಮೋಡ್ ಒಳ್ಳೆಯದು’ ಅಂತ. ಮುಖ್ಯವಾಗಿ ಮೂರಿವೆ. ಒಂದನೆಯದು ಆನ್-ಆಫ್: ಕೋಣೆಯ ಥರ್ಮೋಸ್ಟಾಟ್ ಬೇಕು ಅಂದಾಗ ಬಾಯ್ಲರ್ 70 ಡಿಗ್ರಿಯ ನೀರು ಕಳಿಸುತ್ತದೆ, ಸಾಕು ಅಂದಾಗ ನಿಲ್ಲುತ್ತದೆ. ನಮ್ಮ ಬಚ್ಚಲಿನ ಹಂಡೆಗೆ ಮಡಲು ತುರುಕಿ ಉರಿಸಿದ ಹಾಗೆ, ಒಂದೋ ಕುದಿ, ಇಲ್ಲವೋ ಬೂದಿ. ಎರಡನೆಯದರಲ್ಲಿ ಕೋಣೆ ಗುರಿಯಿಂದ ಎಷ್ಟು ದೂರವಿದೆ ಎಂದು ನೋಡಿ ಬಾಯ್ಲರ್ ತಾನೇ ಉರಿಯನ್ನು ಏರಿಸಿ ಇಳಿಸುತ್ತದೆ. ಥರ್ಮೋಸ್ಟಾಟ್ ಮತ್ತು ಬಾಯ್ಲರ್ ಮಾತಾಡಿಕೊಳ್ಳುವ ಓಪನ್‌ಥರ್ಮ್ ತರಹದ ಎರಡು ತಂತಿಯ ಸಂಪರ್ಕ ಇರುವುದು ಇದಕ್ಕೇ. ಮೂರನೆಯದು ಹವಾಮಾನ ನೋಡಿ ನಡೆಯುವ ಮೋಡ್. ಹೊರಗಿನ ಗೋಡೆಯಲ್ಲಿ ಒಂದು ಸೆನ್ಸರ್, ಒಳಗೆ ಒಂದು ಕರ್ವ್, ಅಂದರೆ ಹೊರಗೆ ಇಷ್ಟು ಚಳಿಯಿದ್ದರೆ ನೀರು ಇಷ್ಟು ಬಿಸಿ ಅನ್ನುವ ಗೆರೆ. ಹೊರಗೆ ಚಳಿ ಹೆಚ್ಚಿದಷ್ಟು ರೇಡಿಯೇಟರಿಗೆ ಹೋಗುವ ನೀರು ಬಿಸಿ; ಚಳಿಗೆ ತಕ್ಕಂತೆ ಎಷ್ಟು ಬಿಸಿಯೇರಬೇಕು ಅನ್ನುವುದು ಆ ಗೆರೆಯ ಓರೆ, ಅಂದರೆ ಸ್ಲೋಪ್.

ನನಗೆ ಮೂರನೆಯದೇ ಇಷ್ಟ. ಕಂಡೆನ್ಸಿಂಗ್ ಬಾಯ್ಲರಿನಲ್ಲಿ ಹೊಗೆಯೊಳಗಿನ ಆವಿ ನೀರಾಗಿ ತನ್ನ ಶಾಖ ಬಿಟ್ಟುಕೊಡಬೇಕಾದರೆ ಹಿಂತಿರುಗುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿರಬೇಕು. 70ರಲ್ಲಿ ಕಳಿಸಿ 60ರಲ್ಲಿ ವಾಪಸು ತಂದರೆ ಕಂಡೆನ್ಸಿಂಗ್ ಅಂತ ದುಡ್ಡು ಕೊಟ್ಟದ್ದು ದಂಡ. ಮೂರನೆಯ ಮೋಡಿನಲ್ಲಿ ಚಳಿ ಕಡಿಮೆಯಿರುವ ದಿನ ನೀರು ಅಷ್ಟು ಬಿಸಿ ಹೋಗುವುದೇ ಇಲ್ಲ.

ಆದರೆ ಈ ಮೋಡ್ ನಿಂತಿರುವುದು ಗೋಡೆಯ ಮೇಲಿನ ಆ ಸಣ್ಣ ಡಬ್ಬಿಯನ್ನು ನಂಬಿ. ಫೆಬ್ರವರಿಯಲ್ಲಿ ಒಂದು ಕಟ್ಟಡದಿಂದ ಪದೇ ಪದೇ ದೂರು ಬರುತ್ತಿತ್ತು: ಬೆಳಿಗ್ಗೆ ಹತ್ತರ ಹೊತ್ತಿಗೆ ಮನೆಯೆಲ್ಲ ತಣ್ಣಗೆ, ಮಧ್ಯಾಹ್ನದ ಮೇಲೆ ಸರಿ. ಉಡುಪಿ ಕಡೆಯ ಹುಡುಗ, ಹೊಸದಾಗಿ ಸೇರಿದವನು, ಕೇಳಿದ: “ಸರ್, ಕರ್ವಿನ ಸ್ಲೋಪ್ 1.2 ಉಂಟು, 1.5 ಮಾಡಿಬಿಡುವಾ?”

“ತಡಿ ಮಾರಾಯ, ದೂರು ಬಾರದ ದಿನದ ಲಾಗ್ ತೆಗಿ ಮೊದಲು.”

ತೆಗೆದ. ಮೋಡ ಕವಿದ ದಿನಗಳಲ್ಲಿ ದೂರೇ ಇಲ್ಲ! ಬಿಸಿಲಿನ ದಿನದ ಗ್ರಾಫಿನಲ್ಲಿ ಎಂಟೂವರೆಗೆ 3 ಡಿಗ್ರಿ ತೋರಿಸುತ್ತಿದ್ದ ಹೊರಗಿನ ಸೆನ್ಸರ್ ಒಂಬತ್ತೂವರೆಗೆ 13 ತೋರಿಸುತ್ತಿತ್ತು. ಅದೇ ಊರಿನ ಹವಾಮಾನ ವರದಿಯಲ್ಲಿ ಆಗ 4 ಡಿಗ್ರಿ. ಹೊರಗೆ ಬೆಚ್ಚಗಾಯಿತು ಅಂದುಕೊಂಡು ಕಂಟ್ರೋಲರ್ ರೇಡಿಯೇಟರಿನ ನೀರನ್ನು 45ರ ಆಸುಪಾಸಿನಿಂದ 30ರ ಹತ್ತಿರಕ್ಕೆ ಇಳಿಸಿತ್ತು. ಕಟ್ಟಡ ನೋಡಿಕೊಳ್ಳುವವರಿಗೆ ಸೆನ್ಸರಿನ ಫೋಟೊ ಕಳಿಸಲು ಹೇಳಿದೆವು. ಪೂರ್ವದ ಗೋಡೆ, ಎದುರಿಗೆ ಮರವಿಲ್ಲ, ಬೆಳಗಿನ ಬಿಸಿಲು ನೇರ ಡಬ್ಬಿಯ ಮೇಲೆ.

ಸೆನ್ಸರ್ ಉತ್ತರದ ಗೋಡೆಯಲ್ಲಿ, ಎರಡು-ಎರಡೂವರೆ ಮೀಟರ್ ಎತ್ತರದಲ್ಲಿ, ಕಿಟಕಿ ಮತ್ತು ಹೊಗೆ ಕೊಳವೆಯಿಂದ ದೂರ ಇರಬೇಕು. ಅಲ್ಲಿಗೆ ಸರಿಸಿದ ಮೇಲೆ ಸ್ಲೋಪ್ 1.2ರಲ್ಲೇ ಇದೆ. ಮೊದಲೇ 1.5 ಮಾಡಿದ್ದರೆ ಬಿಸಿಲಿನ ಬೆಳಿಗ್ಗೆ ಸ್ವಲ್ಪ ಮಟ್ಟಿಗೆ ಸುಧಾರಿಸುತ್ತಿತ್ತೋ ಏನೋ, ರಾತ್ರಿಯೆಲ್ಲ ಮನೆ ಬೇಯುತ್ತಿತ್ತು. ಜನ ಕಿಟಕಿ ತೆರೆದಿಟ್ಟು ಗ್ಯಾಸ್ ಬಿಲ್ ಹಿಡಿದುಕೊಂಡು ಮತ್ತೆ ನಮ್ಮನ್ನೇ ಬೈಯುತ್ತಿದ್ದರು.

ಕರ್ವನ್ನೇ ಮುಟ್ಟಬೇಕಾದ ದೂರುಗಳೂ ಇವೆ. ಆಗ ಚಳಿ ಯಾವಾಗ ಅನ್ನುವುದು ಮುಖ್ಯ. ಹೊರಗೆ ಮೈನಸ್ 8 ಇದ್ದಾಗ ಮಾತ್ರ ಮನೆ ತಣ್ಣಗಾದರೆ ಸ್ಲೋಪ್ ಏರಿಸಬೇಕು. ಹದವಾದ ಹವೆಯಲ್ಲೂ, ಕಡುಚಳಿಯಲ್ಲೂ ಒಂದೇ ರೀತಿ ಕಡಿಮೆ ಬಿದ್ದರೆ ಇಡೀ ಗೆರೆಯನ್ನು ಸಮಾನಾಂತರವಾಗಿ ಮೇಲಕ್ಕೆ ಎತ್ತಬೇಕು. ಅಕ್ಟೋಬರಿನಲ್ಲಿ ಚಳಿ, ಜನವರಿಯಲ್ಲಿ ಸರಿ ಅಂದರೆ ಗೆರೆ ಎತ್ತಿ ಸ್ಲೋಪ್ ತುಸು ಇಳಿಸಬೇಕು. ನೆಲದಡಿ ಪೈಪ್ ಹಾಸಿದ ಮನೆಗೆ ಸ್ಲೋಪ್ 0.3ರಿಂದ 0.6 ಸಾಕು, ರೇಡಿಯೇಟರಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಒಂದೆರಡು ದಿನ ಕಾಯುವುದು. ದಪ್ಪ ಗೋಡೆಯ ಕಟ್ಟಡ ಗಂಟೆಗೊಂದು ಉತ್ತರ ಕೊಡುವುದಿಲ್ಲ.

ಇನ್ನೊಂದು ತಲೆನೋವು, ಒಂದೇ ಕೋಣೆಗೆ ಇಬ್ಬರು ಯಜಮಾನರು. ಥರ್ಮೋಸ್ಟಾಟ್ ಇರುವ ಹಾಲ್‌ನಲ್ಲೇ ರೇಡಿಯೇಟರಿಗೂ ತಾಪಮಾನ ನೋಡಿ ಮುಚ್ಚುವ ವಾಲ್ವ್ ಇರುತ್ತದೆ. ವಾಲ್ವ್ 20ಕ್ಕೆ ಮುಚ್ಚಿಕೊಳ್ಳುತ್ತದೆ, ಥರ್ಮೋಸ್ಟಾಟ್ 21 ಬೇಕು ಅನ್ನುತ್ತಲೇ ಇರುತ್ತದೆ. ಬಾಯ್ಲರ್ ಸುಮ್ಮನೆ ಉರಿಯುತ್ತದೆ, ಬೇರೆ ಕೋಣೆಯವರಿಗೆ ಸೆಕೆ. ಆ ಕೋಣೆಯ ವಾಲ್ವನ್ನು ಪೂರ್ತಿ ತೆರೆದಿಡಿಸುವುದು ಬಿಟ್ಟು ಬೇರೆ ದಾರಿಯಿಲ್ಲ.

ಕರ್ವ್ ಇಳಿಸಿದ ಉತ್ಸಾಹದಲ್ಲಿ ಕೆಲವರು ಸ್ನಾನದ ನೀರಿನ ಟ್ಯಾಂಕನ್ನೂ 45ಕ್ಕೆ ಇಳಿಸಲು ಹೊರಡುತ್ತಾರೆ. ಅದು ಬೇರೆ ಸೆಟ್ಟಿಂಗ್, ಅದರ ತಂಟೆಗೆ ಹೋಗಬಾರದು. ಶ್ವಾಸಕೋಶಕ್ಕೆ ಸೋಂಕು ತರುವ ಲೀಜನೆಲ್ಲ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುವುದು 20ರಿಂದ 45 ಡಿಗ್ರಿಯ ನೀರಿನಲ್ಲಿ. ರೇಡಿಯೇಟರಿಗೆ 35 ಡಿಗ್ರಿಯ ನೀರು ಹೋಗುತ್ತಿರಲಿ, ಟ್ಯಾಂಕ್ ಮಾತ್ರ 60ರಲ್ಲೇ ಇರಲಿ.