ಟೆನ್ಷನ್ ಇದ್ರೆ ಗಾಯಾನೂ ಬೇಗ ಮಾಯಲ್ಲ

"ಟೆನ್ಷನ್ ಮಾಡ್ಕೋಬೇಡ, ಇಮ್ಯೂನಿಟಿ ಕಮ್ಮಿ ಆಗುತ್ತೆ" ಅಂತ ಎಲ್ರೂ ಹೇಳ್ತಾರೆ, ಆದ್ರೆ ವಿಷಯ ಅಷ್ಟು ಸೀದಾ ಇಲ್ಲ. ನಾಯಿ ಅಟ್ಟಿಸ್ಕೊಂಡು ಬಂದಾಗ ಆಗೋ ಟೆನ್ಷನ್ನೇ ಬೇರೆ, ಸಾಲನೋ ಮನೇಲಿ ಹಾಸಿಗೆ ಹಿಡಿದವ್ರ ಚಿಂತೆನೋ ತಿಂಗಳುಗಟ್ಲೆ ಒಳಗೊಳಗೇ ಕೊರೆಯೋದೇ ಬೇರೆ. ನಾಯಿ ಕೇಸಲ್ಲಿ ಅಡ್ರಿನಲಿನ್ ಏರಿ, ನ್ಯಾಚುರಲ್ ಕಿಲ್ಲರ್ ಅನ್ನೋ ಬಿಳಿ ರಕ್ತಕಣಗಳು ನಿಮಿಷಗಳಲ್ಲೇ ರಕ್ತದಲ್ಲಿ ಜಾಸ್ತಿ ಆಗ್ತಾವೆ, ಕಚ್ಚಿದ್ರೂ ಪರ್ವಾಗಿಲ್ಲ ನಾವಿದೀವಿ ಅನ್ನೋ ಥರ. ಅಂದ್ರೆ ಆ ಹೊತ್ತಿಗೆ ಇಮ್ಯೂನಿಟಿ ಚುರುಕಾಗೇ ಇರುತ್ತೆ!

ತೊಂದ್ರೆ ಇರೋದು ಮುಗೀದೇ ಇರೋ ಟೆನ್ಷನ್ನಲ್ಲಿ. ಟೆನ್ಷನ್ ಆದಾಗ ಮೈಯಲ್ಲಿ ಏರೋ ಕಾರ್ಟಿಸಾಲ್ ಅನ್ನೋ ಹಾರ್ಮೋನಿನ ಕೆಲಸ ಉರಿಯೂತ (ಇನ್‌ಫ್ಲಮೇಶನ್) ತಗ್ಗಿಸೋದು, ಡಾಕ್ಟ್ರು ಅಲರ್ಜಿಗೆ ಕೊಡೋ ಸ್ಟೀರಾಯ್ಡ್ ಕೂಡ ಅದೇ ಜಾತೀದು. ಆದ್ರೆ ದಿನಾ ಅದೇ ಅದೇ ಸಿಗ್ನಲ್ ಬರ್ತಿದ್ರೆ ರಕ್ಷಣಾ ಕಣಗಳು ಅದರ ಮಾತು ಕೇಳೋದೇ ಕಮ್ಮಿ ಮಾಡ್ಬಿಡ್ತಾವೆ, ಆಮೇಲೆ ಉರಿಯೂತಕ್ಕೆ ಲಗಾಮು ಇರಲ್ಲ, ಅತ್ಲಾಗೆ ವೈರಸ್ ಜೊತೆ ಹೊಡೆದಾಡೋ ಶಕ್ತೀನೂ ಕುಗ್ಗಿರುತ್ತೆ.

1998ರಲ್ಲಿ ಅಮೆರಿಕದ ಓಹಾಯೋದಲ್ಲಿ ಮಾಡಿದ ಒಂದು ಪ್ರಯೋಗ ನಂಗೆ ತುಂಬ ಇಷ್ಟ. 11 ಜನ ಡೆಂಟಲ್ ಸ್ಟೂಡೆಂಟ್ಸ್, ಅವ್ರ ಅಂಗುಳದಲ್ಲಿ, ಅಂದ್ರೆ ಬಾಯಿ ಮೇಲ್ಗಡೆ ಗಟ್ಟಿ ಭಾಗದಲ್ಲಿ, 3.5 ಮಿಲಿಮೀಟರಿನ ಒಂದು ಪುಟಾಣಿ ಗಾಯ ಮಾಡಿದ್ರು. ಬೇಸಿಗೆ ರಜೇಲಿ ಒಂದ್ಸಲ, ಪರೀಕ್ಷೆಗೆ ಮೂರು ದಿನ ಮುಂಚೆ ಇನ್ನೊಂದು ಪಕ್ಕದಲ್ಲಿ ಅಂಥದ್ದೇ ಇನ್ನೊಂದು. ಪರೀಕ್ಷೆ ಟೈಮಿನ ಗಾಯ ಮಾಯೋಕೆ ಸರಾಸರಿ 3 ದಿನ ಜಾಸ್ತಿ ಬೇಕಾಯ್ತು, ಒಬ್ರಿಗೂ ರಜೇಲಿ ಮಾಯ್ದಷ್ಟು ಬೇಗ ಮಾಯ್ಲಿಲ್ಲ. ಚಿಕ್ಕ ಸ್ಟಡಿ ನಿಜ, ಆದ್ರೆ ಅದೇ ಮನುಷ್ಯ, ಅದೇ ಬಾಯಿ, ಅದೇ ಅಳತೆ ಗಾಯ, ಇನ್ನೇನು ನೆಪ ಹೇಳೋಕಾಗುತ್ತೆ? (ಪಾಪ, ಓದೋದು ಬಿಟ್ಟು ಗಾಯ ಬೇರೆ.)

ಇನ್ನು ರಿಲ್ಯಾಕ್ಸ್ ಆದ್ರೆ ಇಮ್ಯೂನಿಟಿ 'ಬೂಸ್ಟ್' ಆಗುತ್ತಾ? ಈ ಬೂಸ್ಟ್ ಅನ್ನೋ ಮಾತು ಕೇಳಿದ್ರೆ ನಂಗೆ ಮೈ ಉರಿಯುತ್ತೆ, ಯಾಕಂದ್ರೆ ಲೂಪಸ್, ರುಮಟಾಯ್ಡ್ ಆರ್ಥ್ರೈಟಿಸ್ ಇರೋರಿಗೆ ಇಮ್ಯೂನಿಟಿ ತಮ್ಮ ಮೈಮೇಲೇ ತಿರುಗಿ ಬಿದ್ದಿರುತ್ತೆ, ಅದನ್ನ ಇನ್ನೂ ಏರಿಸಿ ಏನ್ ಮಾಡೋಣ. ಧ್ಯಾನ, ಉಸಿರಾಟ ಎಲ್ಲ ಮನಸ್ಸಿಗೆ ಒಳ್ಳೇದೇ, ಆದ್ರೆ ಕಾಯಿಲೆ ತಡೆಯುತ್ತೆ ಅನ್ನೋಕೆ ಪುರಾವೆ ಇನ್ನೂ ತೆಳು. ನಿದ್ದೆ ವಿಷ್ಯ ಹಂಗಲ್ಲ. 2015ರ ಒಂದು ಸ್ಟಡೀಲಿ 164 ಜನರ ಮೂಗಿಗೆ ನೆಗಡಿ ವೈರಸ್ ಹನಿ ಬಿಟ್ಟು ನೋಡಿದ್ರು, 7 ಗಂಟೆಗಿಂತ ಜಾಸ್ತಿ ಮಲಗಿದವ್ರಿಗೆ ಹೋಲಿಸಿದ್ರೆ 6 ಗಂಟೆಗಿಂತ ಕಮ್ಮಿ ಮಲಗೋರಿಗೆ ನೆಗಡಿ ಹತ್ತೋ ಸಾಧ್ಯತೆ ನಾಲ್ಕು ಪಟ್ಟಿಗಿಂತ ಜಾಸ್ತಿ ಇತ್ತು.